ಅಂಬಾಸಿಡರ್ ಎಂಜಿನ್ನಿನ ಹೆಡ್ ಬಿಚ್ಚುವ ಮೊದಲು

ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ಹಳೆಯ ಅಂಬಾಸಿಡರ್ ಮಿಸ್ ಹೊಡೆಯತೊಡಗಿ, ಎರಡನೆಯ ಗೇರಿನಲ್ಲೂ ಎಳೆಯದೆ ತಿಣುಕಿದರೆ, ಅದನ್ನು ಓಡಿಸುತ್ತಿರುವವನ ಮನಸ್ಸಿಗೆ ಮೊದಲು ಬರುವ ಸಂಶಯ ಹೆಡ್ ಗ್ಯಾಸ್ಕೆಟ್, ಎಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳು ಹಾಳೆ, ಹೋಯಿತೇ ಎಂಬುದು. ಆ ಸಂಶಯ ಕೆಲವೊಮ್ಮೆ ನಿಜವಾಗಿರುತ್ತದೆ. ಆದರೆ ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ, ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಗಾಳಿಯಲ್ಲಿ ಸದಾ ಉಪ್ಪಿನ ಅಂಶವಿರುವ ಈ ನೆಲದಲ್ಲಿ, ಎಂಜಿನ್ನಿನ ಹೊರಗೇ ಇರುವ ಸಣ್ಣ ಭಾಗಗಳು ಒಳಗಿನ ದೊಡ್ಡ ದೋಷದ ಲಕ್ಷಣಗಳನ್ನೇ ತೋರಿಸುವುದು ಬಹಳ ಸಾಮಾನ್ಯ. ಆದ್ದರಿಂದ ಮನೆಯ ಶೆಡ್ಡಿನಲ್ಲಿ ತಾವೇ ಎಂಜಿನ್ ಕೆಲಸ ಮಾಡಿಕೊಳ್ಳಬೇಕೆನ್ನುವವರು ಪಾನಾ ಹಿಡಿಯುವುದಕ್ಕಿಂತ ಮೊದಲು ಅಳತೆಯ ಸಾಧನ ಹಿಡಿಯಬೇಕು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು.

ಇಲ್ಲಿ ಹೇಳುವುದೆಲ್ಲ 1489 ಸಿ.ಸಿ.ಯ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಅನ್ವಯಿಸುತ್ತದೆ. ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ಬಿ ಸೀರೀಸ್ ವಿನ್ಯಾಸದ ಈ ಎಂಜಿನ್ನಿನಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವು. ಕ್ಯಾಮ್ ಶಾಫ್ಟ್ ಬ್ಲಾಕಿನೊಳಗಿದ್ದು, ಉದ್ದ ಕಡ್ಡಿಗಳಂಥ ಪುಶ್ ರಾಡ್ ಮತ್ತು ತಕ್ಕಡಿಯ ದಂಡದಂತೆ ಆಡುವ ರಾಕರ್‌ಗಳ ಮೂಲಕ, ಸಿಲಿಂಡರಿನ ದಾರಿಗಳನ್ನು ತೆರೆದು ಮುಚ್ಚುವ ಎಂಟು ವಾಲ್ವ್‌ಗಳನ್ನು ನಡೆಸುತ್ತದೆ. 1992ರ ನಂತರ ಬಂದ ಇಸುಜು ಎಂಜಿನ್ನಿನ ಕಾರುಗಳ ರಚನೆಯೇ ಬೇರೆ, ಡೀಸೆಲ್ ಗಾಡಿಗಳ ಮಾತೂ ಬೇರೆ. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಗಿದ್ದರೂ ಈ ಎಂಜಿನ್ನಿನ ಬಹುತೇಕ ಸಾಮಾನುಗಳು ಹುಡುಕಿದರೆ ಇಂದಿಗೂ ಸಿಗುತ್ತವೆ.

ಹತ್ಯಾರಿನ ವಿಷಯದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಈ ಎಂಜಿನ್ನಿನ ಬೋಲ್ಟು ನಟ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟು 12.7 ಮಿ.ಮೀ. ಇರುತ್ತದೆ, ಅದಕ್ಕೆ 13ರ ಪಾನಾ ಕೂರುವಂತೆ ಕಂಡರೂ ಜೋರು ಹಾಕಿದಾಗ ಜಾರಿ ಮೂಲೆಗಳನ್ನು ಸವೆಸಿಬಿಡುತ್ತದೆ. ಹೆಡ್ಡಿನ ನಟ್ಟುಗಳಿಗೆ ಬೇಕಾದ 9/16 ಇಂಚಿನ ಅಳತೆ 14 ಮತ್ತು 15ರ ನಡುವೆ ಬೀಳುವುದರಿಂದ ಅಲ್ಲಿ ಮಿಲಿಮೀಟರಿನ ಪಾನಾ ಯಾವುದೂ ಸರಿಹೋಗುವುದಿಲ್ಲ. ನನ್ನ 1981ರ ಮಾರ್ಕ್ 4 ಗಾಡಿಯನ್ನು ಕೊಂಡಾಗ ಹೆಡ್ಡಿಗೆ ಜೋಡಿಸಿದ ಗಾಳಿ ಮತ್ತು ಹೊಗೆಯ ಕೊಳವೆಯಾದ ಮ್ಯಾನಿಫೋಲ್ಡಿನ ಅರ್ಧದಷ್ಟು ನಟ್ಟುಗಳು ಹೀಗೆಯೇ ಗುಂಡಗಾಗಿದ್ದವು. ಇಂಚಿನ ರಿಂಗ್ ಪಾನಾ ಮತ್ತು ಸಾಕೆಟ್‌ಗಳ ಒಂದು ಸೆಟ್, ಸಣ್ಣ ಅಂತರ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಬಿಗಿ ಎಷ್ಟೆಂದು ತೋರಿಸುವ ಟಾರ್ಕ್ ರೆಂಚ್, ಹನ್ನೆರಡು ವೋಲ್ಟಿನ ಟೆಸ್ಟ್ ಲ್ಯಾಂಪ್ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಟಾರ್ಕ್ ರೆಂಚನ್ನು ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ತಂದುಕೊಂಡರೂ ಸಾಕು, ಆದರೆ ಕಂಪ್ರೆಷನ್ ಗೇಜ್ ಸ್ವಂತದ್ದೇ ಇರಲಿ. ಯಾವ ಕೆಲಸಕ್ಕೂ ಮೊದಲು ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟುಕೊಳ್ಳಬೇಕು. ವಿದ್ಯುತ್ ಭಾಗಗಳನ್ನು ಬಿಚ್ಚುವಾಗ ಬ್ಯಾಟರಿಯ ತಂತಿ ತೆಗೆದಿರಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲೇಬಾರದು. ಮಳೆ ಬರುತ್ತಿದೆಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಚಾಲೂ ಮಾಡುವುದು ಜೀವಕ್ಕೇ ಅಪಾಯ, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಮೊದಲು ನೋಡಬೇಕಾದದ್ದು ಕಿಡಿಯನ್ನು. ಮಳೆಗಾಲದ ಒಂದು ಕತ್ತಲ ರಾತ್ರಿ, ಲೈಟು ಆರಿಸಿ, ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿ ಎರಡು ನಿಮಿಷ ಸುಮ್ಮನೆ ನೋಡುತ್ತ ನಿಲ್ಲಬೇಕು. ಪ್ಲಗ್ ತಂತಿಗಳು ಅಥವಾ ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪು ಕೆಟ್ಟಿದ್ದರೆ ತಂತಿಯ ಉದ್ದಕ್ಕೂ ತೆಳುವಾದ ನೀಲಿ ಬೆಳಕು ಹರಿದಾಡುವುದು, ಕ್ಯಾಪಿನ ಬುಡದಲ್ಲಿ ಸಣ್ಣಗೆ ಚಟಚಟ ಎಂದು ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಆ ಹೊತ್ತಿನಲ್ಲಿ ಯಾವ ತಂತಿಯನ್ನೂ ಕೈಯಿಂದ ಮುಟ್ಟಬಾರದು. ಉಪ್ಪುಗಾಳಿಯ ತೇವ ಕ್ಯಾಪಿನ ಒಳಮೈಗೂ ಹೊರಮೈಗೂ ಅಂಟಿಕೊಂಡು ಅದರ ಮೇಲೆ ಧೂಳು ಕೂತಾಗ ಕಿಡಿಗೆ ಪ್ಲಗ್ಗಿಗಿಂತ ಹತ್ತಿರದ ದಾರಿಯೊಂದು ಸಿಕ್ಕಿಬಿಡುತ್ತದೆ. ಒಮ್ಮೆ ಆ ದಾರಿಯಲ್ಲಿ ಹರಿದ ಕಿಡಿ ಅಲ್ಲಿ ಇಂಗಾಲದ ಗೆರೆಯೊಂದನ್ನು ಸುಟ್ಟಿಡುತ್ತದೆ, ಆಮೇಲೆ ಮತ್ತೆ ಮತ್ತೆ ಅದೇ ಗೆರೆಯನ್ನು ಹಿಡಿದು ಹೋಗುತ್ತದೆ.

ಈ ಗೆರೆಯನ್ನು ಗುರುತಿಸದೆ ನಾನು ತೆತ್ತ ಬೆಲೆಯನ್ನು ಹೇಳುವುದು ಉಚಿತ. ಒಂದು ಆಷಾಢದಲ್ಲಿ ನನ್ನ ಗಾಡಿಯ ಮೂರು ಮತ್ತು ನಾಲ್ಕನೆಯ ಸಿಲಿಂಡರುಗಳು ಒಟ್ಟಿಗೆ ಸೋತವು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಎಂದೇ ಅರ್ಥ ಎಂದು ಕೇಳಿದ್ದ ನಾನು ಎರಡು ದಿನ ಕುಳಿತು ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಸಂಪೂರ್ಣ ಸರಿಯಿತ್ತು. ಹೆಡ್ಡನ್ನು ಪರೀಕ್ಷೆಗೆಂದು ಲೇತಿಗೆ ಒಯ್ದಾಗ ಅಲ್ಲಿನ ಹಿರಿಯರು ಅದನ್ನು ತಿರುಗಿಸಿ ನೋಡಿ, "ತಮ್ಮಾ, ಬಿಚ್ಚೂಕಿಂತ ಮೊದ್ಲು ಗೇಜ್ ಹಾಕಿ ನೋಡಿದ್ಯಾ?" ಎಂದಷ್ಟೇ ಕೇಳಿದರು. ಮನೆಗೆ ಬಂದು ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಬಿಸಿಲಿಗೆ ಹಿಡಿದು ನೋಡಿದರೆ, ಮೂರು ಮತ್ತು ನಾಲ್ಕನೆಯ ತಂತಿಗಳ ಲೋಹದ ಮೊನೆಗಳ ನಡುವೆ ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯ ಕಪ್ಪು ಗೆರೆಯೊಂದಿತ್ತು. ಈ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಕ್ರಮ 1, 3, 4, 2 ಆಗಿರುವುದರಿಂದ ಮೂರು ಮತ್ತು ನಾಲ್ಕು ಬ್ಲಾಕಿನಲ್ಲಿ ಮಾತ್ರವಲ್ಲ, ಕ್ಯಾಪಿನಲ್ಲಿಯೂ ನೆರೆಹೊರೆಯವು. ಗ್ಯಾಸ್ಕೆಟ್ಟಿನ ಲಕ್ಷಣವೂ ಕ್ಯಾಪಿನ ಲಕ್ಷಣವೂ ಒಂದೇ ಆಗಿ ಕಂಡದ್ದು ಇದೇ ಕಾರಣಕ್ಕೆ.

ಕ್ಯಾಪನ್ನು ಒಣ ಬಟ್ಟೆಯಿಂದ ಒರೆಸಿ ಒಳಗಿನ ಗೆರೆ, ಬಿರುಕು, ನಡುವಿನ ಇಂಗಾಲದ ಕಡ್ಡಿ ಎಲ್ಲವನ್ನೂ ನೋಡಬೇಕು; ಗೆರೆ ಕಂಡರೆ ಕೆರೆದು ಉಪಯೋಗಿಸದೆ ಹೊಸ ಕ್ಯಾಪು ಹಾಕುವುದೇ ಸರಿ. ತಂತಿಗಳನ್ನು ಕೀಳುವ ಮೊದಲು ಪ್ರತಿಯೊಂದಕ್ಕೂ ಸಂಖ್ಯೆ ಬರೆದ ಚೀಟಿ ಅಂಟಿಸಿರಬೇಕು. ರೇಡಿಯೇಟರಿನ ಕಡೆಯ ಸಿಲಿಂಡರು ಒಂದನೆಯದು. ಕ್ಯಾಪಿನ ಕೆಳಗೆ ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.35ರಿಂದ 0.40 ಮಿ.ಮೀ. ಇರಬೇಕು, ಪ್ಲಗ್ಗಿನ ಅಂತರ ಸುಮಾರು 0.64 ಮಿ.ಮೀ. ಪಾಯಿಂಟಿನ ಮುಖಗಳು ಸುಟ್ಟು ಒಂದು ಕಡೆ ಗುಳಿಯೂ ಇನ್ನೊಂದು ಕಡೆ ಗುಬುಟೂ ಆಗಿದ್ದರೆ ಕಂಡೆನ್ಸರನ್ನೂ ಬದಲಿಸಬೇಕು. ಪಾಯಿಂಟಿನ ಅಂತರ ಬದಲಾದರೆ ಟೈಮಿಂಗ್, ಎಂದರೆ ಕಿಡಿ ಹಾರುವ ಕ್ಷಣ, ಕೂಡ ಬದಲಾಗುತ್ತದೆ, ಹೀಗಾಗಿ ಅಂತರ ಹೊಂದಿಸಿದ ಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು, ನಿಮ್ಮ ಗಾಡಿಯ ಕೈಪಿಡಿ ಹೇಳುವ ಗುರುತಿಗೆ ಟೈಮಿಂಗನ್ನು ಮತ್ತೆ ಸರಿಪಡಿಸುವುದು ಕಡ್ಡಾಯ.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಕಡೆ ತಿರುಗಬೇಕು. ಈಗ ಪೆಟ್ರೋಲ್ ಬಂಕುಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಎಂಜಿನ್ನಿನ ಪೆಟ್ರೋಲ್ ಪಂಪಿನೊಳಗಿನ ಪೊರೆಯಾದ ಡಯಾಫ್ರಾಮನ್ನೂ ಕ್ರಮೇಣ ಉಬ್ಬಿಸಿ ಮೆತ್ತಗಾಗಿಸುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರಲು ಇಷ್ಟೇ ಸಾಕು. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿ ನಿಂತಿರುವ ಪೆಟ್ರೋಲನ್ನು ಒಂದು ಗಾಜಿನ ಶೀಶೆಗೆ ಸುರಿದು ಹತ್ತು ನಿಮಿಷ ಇಟ್ಟರೆ ತಳದಲ್ಲಿ ಮುತ್ತಿನಂತೆ ಉರುಳುವ ನೀರಿನ ಹನಿಯೂ ತುಕ್ಕಿನ ಪುಡಿಯೂ ಕಾಣಿಸಿಕೊಳ್ಳುತ್ತವೆ. ಎಥನಾಲ್ ತಾಳುವ ಗುಣಮಟ್ಟದ ಹೊಸ ಪೈಪು ಮತ್ತು ಡಯಾಫ್ರಾಮ್ ಹಾಕಿಸಿಕೊಳ್ಳುವುದನ್ನು ಮುಂದೂಡಬಾರದು, ಏಕೆಂದರೆ ಮೆತ್ತಗಾದ ಪೈಪು ಬಿಸಿ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲು ಸೋರಿಸಿದರೆ ಬೆಂಕಿಯೇ ಗತಿ. ಎಸ್.ಯು. ಎಂಬ ಮಾದರಿಯ ಕಾರ್ಬುರೇಟರ್ ಇರುವ ಗಾಡಿಗಳಲ್ಲಿ ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ಅದು ತಡೆಯಿಲ್ಲದೆ ಇಳಿದು 'ಟಕ್' ಎಂದು ಕೂರಬೇಕು. ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಅದೇ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿದರೆ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ, ಎಂಜಿನ್ ಸಾಯತೊಡಗಿದರೆ ಕಡಿಮೆಯಾಗಿದೆ, ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ ಎಂದು ತಿಳಿಯಬೇಕು.

ಇವೆರಡೂ ಸರಿಯಿದ್ದು ದೋಷ ಉಳಿದಿದ್ದರೆ ಆಗ ಟ್ಯಾಪೆಟ್, ಎಂದರೆ ರಾಕರಿಗೂ ವಾಲ್ವಿಗೂ ನಡುವಿನ ಅಂತರ, ನೋಡಬೇಕು. ಇದು ಮನೆಯಲ್ಲಿ ಮಾಡಬಹುದಾದ ಎಂಜಿನ್ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಒಂದು ಗಂಟೆಯ ತಾಳ್ಮೆಗೆ ಎಂಜಿನ್ನಿನ ಒಳಗಿನ ಆರೋಗ್ಯದ ಬಗ್ಗೆ ಇದು ತಿಳಿಸುವಷ್ಟನ್ನು ಬೇರೆ ಯಾವ ಕೆಲಸವೂ ತಿಳಿಸುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ನಾಲ್ಕೂ ಪ್ಲಗ್ ತೆಗೆದು, ರಾಕರ್ ಕವರ್ ಎತ್ತಬೇಕು. ರೇಡಿಯೇಟರಿನ ಕಡೆಯಿಂದ ವಾಲ್ವ್‌ಗಳನ್ನು ಒಂದರಿಂದ ಎಂಟರವರೆಗೆ ಎಣಿಸಿದರೆ 1, 4, 5, 8 ಹೊಗೆ ಹೋಗುವ ಎಕ್ಸಾಸ್ಟ್ ವಾಲ್ವ್‌ಗಳು; 2, 3, 6, 7 ಒಳಬರುವ ಇನ್ಲೆಟ್ ವಾಲ್ವ್‌ಗಳು. ಇಲ್ಲಿ ಒಂಬತ್ತರ ಲೆಕ್ಕ ಬಹಳ ಉಪಯುಕ್ತ: ಯಾವ ವಾಲ್ವ್ ಪೂರ್ತಿ ಕೆಳಕ್ಕೆ ಒತ್ತಿಕೊಂಡು ತೆರೆದಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಆಗ ಅಳೆಯಬೇಕಾದ ವಾಲ್ವ್ ಸಿಗುತ್ತದೆ. ಎಂಟನೆಯದು ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು, ನಾಲ್ಕನೆಯದು ತೆರೆದಾಗ ಐದನೆಯದನ್ನು, ಏಳನೆಯದು ತೆರೆದಾಗ ಎರಡನೆಯದನ್ನು ಅಳೆದು, ಮುಂದೆ ಇದೇ ಜೋಡಿಗಳನ್ನು ತಿರುಗಿಸಿಕೊಂಡರೆ ಎಂಟೂ ಮುಗಿಯುತ್ತವೆ. ಎಂಜಿನ್ನನ್ನು ಸ್ಟಾರ್ಟಿಂಗ್ ಹ್ಯಾಂಡಲಿನಿಂದ, ಅದಿಲ್ಲದಿದ್ದರೆ ಟಾಪ್ ಗೇರಿನಲ್ಲಿಟ್ಟು ಸಮತಟ್ಟಾದ ಅಂಗಳದಲ್ಲಿ ಗಾಡಿಯನ್ನು ತುಸುತುಸುವೇ ಮುಂದೆ ತಳ್ಳಿಸಿ ತಿರುಗಿಸಬಹುದು. ಹಾಗೆ ತಳ್ಳಿಸುವುದಾದರೆ ಚಕ್ರಕ್ಕೆ ಕೊಟ್ಟ ಕಲ್ಲನ್ನು ತೆಗೆದು, ಅಳೆಯುವ ಹೊತ್ತಿಗೆ ಮತ್ತೆ ಕೊಡಬೇಕು.

ಬಿಸಿ ಎಂಜಿನ್ನಿನಲ್ಲಿ ರಾಕರಿಗೂ ವಾಲ್ವಿನ ತುದಿಗೂ ನಡುವೆ ಇರಬೇಕಾದ ಅಂತರ 0.38 ಮಿ.ಮೀ., ಎಂದರೆ ಒಂದು ಇಂಚಿನ ಸಾವಿರ ಭಾಗಗಳಲ್ಲಿ ಹದಿನೈದು. ಫೀಲರ್ ಗೇಜಿನ ಎಲೆ ಒಳಗೆ ಹೋಗಿ ಬರುವಾಗ ಬೆರಳಿಗೆ ತುಸು ಎಳೆತ ಗೊತ್ತಾಗಬೇಕು. ಸಡಿಲವಾಗಿ ಜಾರಿದರೂ ಸರಿಯಲ್ಲ, ಎಳೆದು ತೆಗೆಯಬೇಕಾಗಿ ಬಂದರೂ ಸರಿಯಲ್ಲ. ಲಾಕ್ ನಟ್ಟನ್ನು ಬಿಗಿ ಮಾಡುವಾಗ ಸ್ಕ್ರೂ ತಿರುಗಿ ಅಂತರ ಬದಲಾಗುವುದು ಸಾಮಾನ್ಯವಾದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಬದಲಿಸುವುದಕ್ಕಿಂತ ಮೊದಲು ಇದ್ದ ಅಳತೆಯನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಬೇಕು ಎಂದು ನಾನು ಒತ್ತಾಯಿಸಿ ಹೇಳುವುದಕ್ಕೆ ಕಾರಣವಿದೆ. ಈ ಎಂಜಿನ್ ರೂಪುಗೊಂಡದ್ದು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ, ಆ ಸೀಸವೇ ವಾಲ್ವ್ ಬಂದು ಕೂರುವ ಕಬ್ಬಿಣದ ಸೀಟುಗಳಿಗೆ ರಕ್ಷಣೆಯ ಲೇಪವಾಗಿತ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಅಲ್ಲಿಂದೀಚೆಗೆ, ಸೀಟು ಬದಲಿಸದ ಹೆಡ್ಡುಗಳಲ್ಲಿ ಎಕ್ಸಾಸ್ಟ್ ವಾಲ್ವ್‌ಗಳು, ಅದರಲ್ಲೂ ಘಟ್ಟದ ರಸ್ತೆಯಲ್ಲಿ ಭಾರ ಎಳೆಯುವ ಗಾಡಿಗಳಲ್ಲಿ, ನಿಧಾನವಾಗಿ ಹೆಡ್ಡಿನೊಳಗೆ ಸವೆದು ಕೂರುತ್ತವೆ. ವಾಲ್ವ್ ಒಳಗೆ ಕೂತಷ್ಟೂ ಅದರ ತುದಿ ಮೇಲೆ ಬರುವುದರಿಂದ ಅಂತರ ಕಡಿಮೆಯಾಗುತ್ತದೆ. ಪ್ರತಿಸಲ ಅಳೆದಾಗಲೂ 1, 4, 5, 8ರಲ್ಲಿ ಯಾವುದಾದರೊಂದರ ಅಂತರ ಮಾತ್ರ ಕುಗ್ಗುತ್ತಲೇ ಇದ್ದರೆ, ಆ ಸೀಟು ಹೋಗುತ್ತಿದೆಯೆಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಮುಂದೆ ಎಂದಾದರೂ ಹೆಡ್ ಇಳಿದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿಕೊಳ್ಳುವುದು ಅದಕ್ಕೆ ಪರಿಹಾರ.

ಟ್ಯಾಪೆಟ್ ಸರಿಮಾಡಿದ ನಂತರ, ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಕಂಪ್ರೆಷನ್ ಅಳೆಯಬೇಕು. ಕಾಯಿಲಿನ ತಂತಿ ತೆಗೆದು, ನಾಲ್ಕೂ ಪ್ಲಗ್ ಹೊರಗಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರಿಗೂ ಸ್ಟಾರ್ಟರನ್ನು ಒಂದೇ ಅವಧಿಯಷ್ಟು ತಿರುಗಿಸಬೇಕು. ನಾಲ್ಕರ ಅಂಕಿಗಳೂ ಹತ್ತಿರ ಹತ್ತಿರ ಇವೆಯೇ ಎಂಬುದು ಒಂದೊಂದರ ಅಂಕಿ ಎಷ್ಟು ಎಂಬುದಕ್ಕಿಂತ ಮುಖ್ಯ. ಒಂದರ ಅಂಕಿ ಮಾತ್ರ ಉಳಿದವುಗಳಿಗಿಂತ ಹತ್ತರಲ್ಲಿ ಒಂದು ಪಾಲನ್ನೂ ಮೀರಿ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಹಳ ಕೆಳಗಿದ್ದು ಎಣ್ಣೆ ಹಾಕಿದರೂ ಏರದಿದ್ದರೆ, ಈಗ ಹೆಡ್ ಗ್ಯಾಸ್ಕೆಟ್ ಎಂದು ಧೈರ್ಯವಾಗಿ ಹೇಳಬಹುದು. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ನೊರೆ, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಕಾರಣವಿಲ್ಲದೆ ಇಳಿಯುವ ನೀರು ಇವು ಜೊತೆಗಿದ್ದರೆ ಸಂಶಯವೇ ಉಳಿಯುವುದಿಲ್ಲ. ಮುಚ್ಚಳದ ಕೆಳಗೆ ತೆಳುವಾದ ನೊರೆ ಮಾತ್ರ ಕಂಡರೆ ಹೆದರಬೇಕಾಗಿಲ್ಲ, ದಿನವೂ ಎರಡು ಮೈಲಿಯಷ್ಟೇ ಓಡುವ ಗಾಡಿಯಲ್ಲಿ ಮಳೆಗಾಲದ ತೇವವೇ ಅಷ್ಟನ್ನು ಮಾಡುತ್ತದೆ.

ಹೆಡ್ ಇಳಿಸಲೇಬೇಕೆಂದಾದರೆ ಎರಡು ಪೂರ್ತಿ ದಿನಗಳನ್ನೂ ಭಾರ ಎತ್ತಲು ಇನ್ನೊಬ್ಬರನ್ನೂ ಜೊತೆಗಿಟ್ಟುಕೊಳ್ಳಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ನೀರನ್ನೂ ಬ್ಲಾಕಿನ ಪಕ್ಕದ ನಲ್ಲಿಯ ನೀರನ್ನೂ ಖಾಲಿ ಮಾಡಬೇಕು. ಬಾವಿಯ ನೀರು ಹಾಕುತ್ತ ಬಂದ ಗಾಡಿಗಳಲ್ಲಿ ಬ್ಲಾಕಿನ ನಲ್ಲಿ ತುಕ್ಕಿನ ಕೆಸರಿನಿಂದ ಕಟ್ಟಿರುತ್ತದೆ, ಆಗ ಅದನ್ನು ತೆಗೆದು ತಂತಿಯಿಂದ ಚುಚ್ಚಿ ಬಿಡಿಸಬೇಕಾಗುತ್ತದೆ. ಕಾರ್ಬುರೇಟರ್, ಮ್ಯಾನಿಫೋಲ್ಡ್, ನೀರಿನ ಪೈಪುಗಳನ್ನು ಬಿಡಿಸಿಕೊಂಡ ಮೇಲೆ ರಾಕರ್ ಶಾಫ್ಟಿನ ಕಡೆ ಬರಬೇಕು. ಹೆಡ್ಡನ್ನು ಹಿಡಿದಿರುವ ಹನ್ನೊಂದು ದೊಡ್ಡ ನಟ್ಟುಗಳಲ್ಲಿ ನಾಲ್ಕು ರಾಕರ್ ಶಾಫ್ಟನ್ನೂ ಹಿಡಿದಿರುತ್ತವೆ. ಆದ್ದರಿಂದ ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದೇ ಕಡೆ ಬಿಗಿಯಾಗಿ ಉಳಿದು ಸೊಟ್ಟಗಾಗುವ ಅಪಾಯವಿದೆ. ಹನ್ನೊಂದನ್ನೂ ಹೊರಗಿನವುಗಳಿಂದ ನಡುವಿನ ಕಡೆಗೆ, ಪ್ರತಿಯೊಂದನ್ನೂ ಕಾಲು ಸುತ್ತಿನಂತೆ, ಹಲವು ಬಾರಿ ಸುತ್ತಿ ಬಂದು ಸಡಿಲಿಸಬೇಕು.

ಪುಶ್ ರಾಡುಗಳನ್ನು ಎತ್ತುವಾಗ ಮೊದಲು ಸ್ವಲ್ಪ ತಿರುಗಿಸಿ ಕೆಳಗೆ ರಾಡು ಕೂರುವ ಬಟ್ಟಲಿನಂಥ ಟ್ಯಾಪೆಟ್ ಎಂಬ ಭಾಗದ ಎಣ್ಣೆಯ ಹಿಡಿತದಿಂದ ಬಿಡಿಸಿಕೊಳ್ಳಬೇಕು. ಎಂಟು ರಾಡುಗಳೂ ತಮ್ಮ ತಮ್ಮ ಜಾಗಕ್ಕೇ ಹಿಂತಿರುಗಬೇಕು, ಏಕೆಂದರೆ ಪ್ರತಿಯೊಂದೂ ತನ್ನ ರಾಕರಿನೊಂದಿಗೆ ಸೇರಿ ಸವೆದಿರುತ್ತದೆ. ನಾನು ಒಣಗಿದ ಅಡಿಕೆ ಹಾಳೆಯೊಂದನ್ನು ತೆಗೆದುಕೊಂಡು, ಮೊಳೆಯಿಂದ ಎಂಟು ತೂತು ಮಾಡಿ, ಒಂದು ತುದಿಗೆ 'ರೇಡಿಯೇಟರ್' ಎಂದು ಬರೆದು, ಅದರಲ್ಲಿ ರಾಡುಗಳನ್ನು ಸಾಲಾಗಿ ಚುಚ್ಚಿಡುತ್ತೇನೆ. ಹಾಳೆ ಎಣ್ಣೆಗೆ ಹರಿಯುವುದಿಲ್ಲ, ರಾಡು ಅದರಿಂದ ಜಾರುವುದಿಲ್ಲ. ಹೆಡ್ ಬ್ಲಾಕಿಗೆ ಅಂಟಿಕೊಂಡಿದ್ದರೆ ನಡುವೆ ಸ್ಕ್ರೂ ಡ್ರೈವರ್ ತೂರಿ ಮೀಟುವುದು ಎಂದಿಗೂ ಕೂಡದು. ಅಲ್ಲಿ ಬಿದ್ದ ಒಂದು ಗೀರು ಮುಂದೆ ಹೊಸ ಗ್ಯಾಸ್ಕೆಟ್ಟಿನಿಂದಲೂ ನೀರು ಸೋರಿಸುತ್ತದೆ. ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ಬಡಿದರೆ ಅಥವಾ ಪ್ಲಗ್ಗುಗಳನ್ನು ಹಾಕಿ ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಿದರೆ ಒಳಗಿನ ಒತ್ತಡವೇ ಹೆಡ್ಡನ್ನು ಬಿಡಿಸುತ್ತದೆ. ಆಮೇಲೆ ಇಬ್ಬರೂ ಸೇರಿ ನೇರವಾಗಿ ಮೇಲಕ್ಕೆ ಎತ್ತಬೇಕು.

ಹಳೆಯ ತಾಮ್ರದ ಗ್ಯಾಸ್ಕೆಟ್ಟಿನೊಳಗೆ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಅದರ ಚೂರುಗಳನ್ನು ಒಣಗಿದಂತೆಯೇ ಕೆರೆಯದೆ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆದು, ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಹೆಡ್ಡಿನ ಮುಖ ಸ್ವಚ್ಛವಾದ ಮೇಲೆ ಅದರ ಮೇಲೆ ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಉಕ್ಕಿನ ನೇರಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜಿನ 0.1 ಮಿ.ಮೀ. ಎಲೆ ಎಲ್ಲಿಯಾದರೂ ನುಸುಳುತ್ತದೆಯೇ ಎಂದು ನೋಡಬೇಕು. ನುಸುಳಿದರೆ ಹೆಡ್ಡನ್ನು ಲೇತಿಗೆ ಒಯ್ದು ಮುಖ ಸಮ ಮಾಡಿಸದೆ ಮುಂದುವರಿಯಬಾರದು. ಸೀಟು ಬದಲಿಸುವುದು, ವಾಲ್ವ್ ಗೈಡ್ ಹಾಕುವುದು ಕೂಡ ಅಲ್ಲಿಯದೇ ಕೆಲಸ, ಶೆಡ್ಡಿನದಲ್ಲ. ಸೊಟ್ಟಗಾದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಮುಂದಿನ ಘಟ್ಟದವರೆಗೂ ಅದು ಬಾಳುವುದಿಲ್ಲ.

ಹೊಸ ಗ್ಯಾಸ್ಕೆಟ್ಟಿನ ಮೇಲೆ ಯಾವ ಕಡೆ ಮೇಲು, ಯಾವ ಕಡೆ ಮುಂದೆ ಎಂದು ಗುರುತು ಒತ್ತಿರುತ್ತಾರೆ. ಅದನ್ನು ಗಮನಿಸಿ, ನೀರಿನ ತೂತುಗಳು ಹೊಂದುತ್ತವೆಯೇ ಎಂದು ಕಣ್ಣಾರೆ ನೋಡಿ ಕೂರಿಸಬೇಕು. ತಯಾರಕರು ಹೇಳದ ಹೊರತು ಅಂಟು ಬಳಿಯಬಾರದು. ಹೆಡ್, ಪುಶ್ ರಾಡ್, ರಾಕರ್ ಶಾಫ್ಟ್ ಕೂತ ಮೇಲೆ ನಟ್ಟುಗಳನ್ನು ಈ ಸಲ ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಕೊನೆಗೆ 40 ಪೌಂಡ್ ಅಡಿಯವರೆಗೆ, ಎಂದರೆ ಸುಮಾರು 5.5 ಕಿಲೋಗ್ರಾಂ ಮೀಟರಿನವರೆಗೆ ಬಿಗಿ ಮಾಡಬೇಕು. ಕೈಯ ಅಂದಾಜಿನಿಂದ ಬಿಗಿಯುವವರನ್ನು ಬಹಳ ನೋಡಿದ್ದೇನೆ. ಹನ್ನೊಂದು ನಟ್ಟುಗಳಲ್ಲಿ ಹನ್ನೊಂದು ಬಗೆಯ ಬಿಗಿ ಬರುವುದರಿಂದಲೇ ಹೆಡ್ ಸೊಟ್ಟಗಾಗುತ್ತದೆ. ಬಳಿಕ ಟ್ಯಾಪೆಟ್ಟುಗಳನ್ನು ತಾತ್ಕಾಲಿಕವಾಗಿ ಹೊಂದಿಸಿ, ಆಯಿಲ್‌ಗೆ ನೀರು ಸೇರಿದ್ದರೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ, ರೇಡಿಯೇಟರಿಗೆ ಬಾವಿಯ ನೀರಿನ ಬದಲು ಕೂಲಂಟ್ ತುಂಬಿಸಬೇಕು. ಸಮುದ್ರದ ಹತ್ತಿರದ ಬಾವಿಗಳ ಸವಳು ನೀರು ಎರಕದ ಕಬ್ಬಿಣವನ್ನು ಎಷ್ಟು ಬೇಗ ತಿನ್ನುತ್ತದೆಂಬುದನ್ನು ಬ್ಲಾಕಿನ ನಲ್ಲಿಯಿಂದ ಚುಚ್ಚಿ ತೆಗೆದ ಕೆಸರಿನಲ್ಲೇ ಕಂಡಿರುತ್ತೀರಿ.

ಎಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ಟ್ಯಾಪೆಟ್ಟುಗಳನ್ನು 0.38ಕ್ಕೆ ಮತ್ತೆ ಅಳೆಯಬೇಕು. ಮೊದಲ ಓಡಾಟ ಸಮತಟ್ಟಾದ ರಸ್ತೆಯಲ್ಲಿರಲಿ. ಕಾರವಾರದಿಂದ ಅಂಕೋಲೆಯವರೆಗೆ ಹೆದ್ದಾರಿಯಲ್ಲಿ ಹೋಗಿ ಬಂದರೆ ನೀರು, ಆಯಿಲ್ ಎಲ್ಲಿಯಾದರೂ ಜಿನುಗುತ್ತಿದೆಯೇ ಎಂಬುದು ತಿಳಿಯುತ್ತದೆ. ಸುಮಾರು 150 ಕಿ.ಮೀ. ಓಡಿದ ನಂತರ, ಒಂದು ರಾತ್ರಿ ನಿಂತು ತಣ್ಣಗಾದ ಎಂಜಿನ್ನಿನ ಹೆಡ್ ನಟ್ಟುಗಳನ್ನು ಅದೇ ಕ್ರಮದಲ್ಲಿ, ಅದೇ ಬಿಗಿಗೆ ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಗ್ಯಾಸ್ಕೆಟ್ ಒತ್ತಿಕೊಂಡು ಕೂತಿರುವುದರಿಂದ ಕೆಲವು ನಟ್ಟುಗಳು ತುಸು ತಿರುಗುತ್ತವೆ, ಆಗ ಟ್ಯಾಪೆಟ್ಟಿನ ಅಂತರವೂ ಬದಲಾಗಿರುವುದರಿಂದ ಎಂಜಿನ್ನನ್ನು ಬಿಸಿ ಮಾಡಿ ಎಂಟನ್ನೂ ಕೊನೆಯ ಬಾರಿ ಹೊಂದಿಸಬೇಕು. ಆ ಎಂಟು ಅಳತೆಗಳನ್ನೂ ನಾಲ್ಕು ಕಂಪ್ರೆಷನ್ ಅಂಕಿಗಳನ್ನೂ ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಗಾಡಿಯನ್ನು ದೇವಿಮನೆಗೆ ಹತ್ತಿಸಬಹುದು.